ವಾಸುಕಿಯ ಅಪ್ಪನ ದೀಪ

ಆಗೆಲ್ಲ ತಮಿಳುನಾಡಿನ ವೆಳ್ಳಕೋಯಿಲಿನ ನಮ್ಮ ಬೀದಿಗೆ ಬೇಸಿಗೆ ರಜೆ ಬಂತೆಂದರೆ ಪವರ್‌ಲೂಮಿನ ಸದ್ದು, ಹತ್ತಿಧೂಳಿನ ವಾಸನೆ, ಜಗಲಿಯ ಮೇಲೆ ನಮ್ಮ ಕಲ್ಲಾಟ. ನನ್ನ ಜೊತೆಗಾತಿ ವಾಸುಕಿ. ಶ್ರೀಲಂಕಾದಿಂದ ಬಂದ ನಿರಾಶ್ರಿತರ ಶಿಬಿರದಲ್ಲಿ ತಾಯಿ ಮತ್ತು ಅಪ್ಪಮ್ಮನ ಜೊತೆ ಇದ್ದಳು. ಅಪ್ಪಮ್ಮ ಎಂದರೆ ಅವರಲ್ಲಿ ಅಪ್ಪನ ತಾಯಿ. ಇವರನ್ನು ಮೊದಲು ದೋಣಿ ಹತ್ತಿಸಿ, ಹಿಂದೆಯೇ ಬರುತ್ತೇನೆಂದಿದ್ದ ಅವಳ ಅಪ್ಪ ಬರಲೇ ಇಲ್ಲ.

ಒಂದು ಮೇ ತಿಂಗಳು ಶಿಬಿರದವರು ವ್ಯಾನು ಮಾಡಿಕೊಂಡು, ಶ್ರೀಲಂಕಾದ ಯುದ್ಧದ ನರಮೇಧದಲ್ಲಿ ಸತ್ತ ತಮಿಳರಿಗಾಗಿ ದೂರದ ಊರಲ್ಲಿ ಕಟ್ಟಿದ್ದ ಸ್ಮಾರಕಕ್ಕೆ ಹೊರಟರು. ನಾನೂ ಹಟ ಹಿಡಿದೆ.

“ಸತ್ತೋರ ಜಾಗಕ್ಕೆ ನೀ ಯಾಕೆ ಅಮ್ಮಿಣಿ?” ಅಂದಳು ಅವ್ವ. ಆದರೂ ಮೊಸರನ್ನ ಕಟ್ಟಿಕೊಟ್ಟಳು. “ಅವರಿಗೂ ಕೊಡು. ಬಿಸಿಲು ಜಾಸ್ತಿ ಐತೆ, ತಲೆ ಮೇಲೆ ತುಂಡುಬಟ್ಟೆ ಹಾಕ್ಕೋ.”

ಅಲ್ಲಿ ಕಲ್ಲಿನ ಗೋಡೆಯ ಉದ್ದಕ್ಕೂ ಓಡುವ ಜನರನ್ನು, ಕೂಸನ್ನು ಅವುಚಿಕೊಂಡು ಬಿದ್ದ ತಾಯಂದಿರನ್ನು ಕೆತ್ತಿದ್ದರು. ಮುಟ್ಟಿದರೆ ಕಲ್ಲು ಸುಡುತ್ತಿತ್ತು. ಎಲ್ಲರಿಗೂ ಉಪ್ಪಿಲ್ಲದ ಗಂಜಿ ಕೊಟ್ಟರು. ಯುದ್ಧದ ಕೊನೆಗೆ ಲಂಕೆಯಲ್ಲಿ ಉಳಿದವರಿಗೆ ಸಿಕ್ಕಿದ್ದು ಅಷ್ಟೇ ಅಂತೆ. ನಾನು ಅರ್ಧಕ್ಕೇ ಬಿಟ್ಟೆ.

ವಾಸುಕಿಯ ತಾಯಿ ಗೋಡೆಯ ಬುಡದಲ್ಲಿ ಗಂಡನ ಹೆಸರು ಹೇಳಿ ಹಣತೆ ಹಚ್ಚಿದಳು. ಅಪ್ಪಮ್ಮ ಬಗ್ಗಿ, ಉರಿಯುವ ಬತ್ತಿಯನ್ನು ಬೆರಳಲ್ಲೇ ಹೊಸಕಿ ಆರಿಸಿಬಿಟ್ಟಳು.

“ಬದುಕಿರೋನಿಗೆ ಯಾರಾದ್ರೂ ಇಲ್ಲಿ ದೀಪ ಇಡ್ತಾರಾ?” ಎಂದು ಅವರ ತಮಿಳಿನಲ್ಲಿ ಸೊಸೆಯನ್ನು ಕೇಳಿದಳು.

“ಬದುಕಿದ್ರೆ ಬರ್ತಿದ್ರು, ಮಾಮಿ. ನನ್ನ ಕೈಲಿ ಇನ್ನು ಕಾಯಕ್ಕಾಗಲ್ಲ.”

“ನೀನು ಕಾಯಬೇಡ. ನಾನು ಹೆತ್ತೋಳು, ಕಾಯ್ತೀನಿ.”

ಸೊಸೆ ಮೊಣಕಾಲು ತಬ್ಬಿ ಅಲ್ಲೇ ಕುಳಿತಳು. ಪಕ್ಕದಲ್ಲಿ ಯಾರದೋ ದೀಪ ಎಣ್ಣೆಯಿಲ್ಲದೆ ಕುಗ್ಗುತ್ತಿತ್ತು. ತನ್ನ ಹಣತೆಯ ಎಣ್ಣೆಯನ್ನೆಲ್ಲ ಅದಕ್ಕೆ ಸುರಿದಳು. ಅಪ್ಪಮ್ಮ ಅದನ್ನು ನೋಡುತ್ತ ನಿಂತಿದ್ದಳು.

“ಏಳು ಪಿಳ್ಳೆ, ಮುಖ ತೊಳ್ಕೋ,” ಅಂದಳು ಕೊನೆಗೆ ಸೊಸೆಗೆ, ಮಗುವನ್ನು ಕರೆಯುವ ಹಾಗೆ.

ಮೊಸರನ್ನವನ್ನು ಹಂಚಿಕೊಂಡು ತಿಂದೆವು. ವ್ಯಾನಿನಲ್ಲಿ ಅಪ್ಪಮ್ಮ ಸೊಸೆಯ ಹೆಗಲಿಗೆ ಒರಗಿ ನಿದ್ದೆ ಹೋದಳು.

ಮಗನಿಗಾಗಿ ಕಾಯುತ್ತಲೇ ಅಪ್ಪಮ್ಮ ತೀರಿಕೊಂಡು ವರ್ಷಗಳಾದವು. ವಾಸುಕಿ ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾಳೆ. ಯಾವಾಗಲೋ ಒಮ್ಮೆ ಫೋನು ಮಾಡುತ್ತಾಳೆ.  ಸ್ಮಾರಕಕ್ಕೆ ಹೋದ ಆ ದಿನದವರೆಗೆ, ಮನೆಯಿಂದ ಹೊರಟವರು ಸಂಜೆಗೆ ಬಂದೇ ಬರುತ್ತಾರೆ ಎಂದು ನಾನು ನಂಬಿದ್ದೆ. ಅಂದು ವ್ಯಾನು ಇಳಿದಾಗ ನನ್ನ ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವ್ವ ಎಷ್ಟು ಕರೆದರೂ ಒಳಗೆ ಹೋಗದೆ ಬೀದಿಯ ತುದಿಯಲ್ಲಿ ನಿಂತೆ. ಮನೆಯವರು ಯಾರಾದರೂ ತಡಮಾಡಿದರೆ ಈಗಲೂ ಹಾಗೇ ಬಾಗಿಲಲ್ಲಿ ನಿಲ್ಲುತ್ತೇನೆ. ಕಾಲು ನೋಯುತ್ತದೆ, ಆದರೂ ಕೂರಲಾಗುವುದಿಲ್ಲ.