ನೀರು ಕುಡಿಯದ ಜಂಬ

ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರಿಲ್ಲದೆ ಇರಬಲ್ಲೆನೆಂಬ ಜಂಬ ನನಗೆ ಬಹಳ ವರ್ಷ ಇತ್ತು. ಒಂಟೆಗೂ ನನಗೂ ದೂರದ ನೆಂಟಸ್ತಿಕೆ ಇರಬೇಕೆಂದು ನಗುತ್ತಿದ್ದೆ. ಆಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರನಿಂದ ಟೋಕನ್ ಪಡೆಯಬೇಕು. ಮಿಷನ್ನುಗಳ ಇಡೀ ಲೈನಿಗೆ ಇದ್ದದ್ದು ಒಂದೇ ಟೋಕನ್. ಆ ಗಂಡಸಿನ ಮುಂದೆ ಕೈ ಚಾಚುವುದಕ್ಕಿಂತ ನೀರು ಬಿಡುವುದೇ ಮರ್ಯಾದೆ ಎನಿಸುತ್ತಿತ್ತು. ನೀರು ಬಿಟ್ಟರೂ ನೀರಿನ ಧ್ಯಾನ ಬಿಡಲಿಲ್ಲ. ಸೂಜಿ ಓಡುವಾಗೆಲ್ಲ ಮನಸ್ಸು ನಮ್ಮ ವಠಾರದ ಮಡಕೆಯ ಸುತ್ತಲೇ ಸುತ್ತುತ್ತಿತ್ತು.

ಪಕ್ಕದ ಮಿಷನ್ನಿನ ಜಯಮ್ಮ ಪೀಣ್ಯದವರೇ. ಕಾರ್ಖಾನೆ ಎದ್ದ ಜಾಗದಲ್ಲಿ ಹಿಂದೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. "ಆಗ ಒಟ್ಟೆ ತುಂಬ ಬಾವಿ ನೀರು ಕುಡೀತಿದ್ವಿ ಕಣವ್ವ. ಎದ್ದೋಗಾಕೆ ಯಾರ್ನ ಕೇಳ್ಬೇಕಿತ್ತು?" ಎಂದು ಆಗಾಗ ಹೇಳುವರು.

ಒಂದು ಬೇಸಿಗೆಯಲ್ಲಿ ನನಗೆ ಉರಿಮೂತ್ರ ಶುರುವಾಯಿತು. ಉಷ್ಣವೆಂದುಕೊಂಡೆ. ನಮ್ಮಲ್ಲಿ ಹೆಂಗಸರ ಅರ್ಧ ಕಾಯಿಲೆಗಳಿಗೆ ಉಷ್ಣವೆಂಬ ಒಂದೇ ಹೆಸರು, ಉಳಿದರ್ಧಕ್ಕೆ ಹೆಸರೇ ಇಲ್ಲ. ಉರಿಯುತ್ತದೆಂದು ನೀರನ್ನು ಇನ್ನೂ ಕಡಿಮೆ ಮಾಡಿದೆ. ವಾರದೊಳಗೆ ಚಳಿಜ್ವರ, ಸೊಂಟನೋವು. ಆಸ್ಪತ್ರೆಗೆ ಹೋದೆ.

"ದಿನಕ್ಕೆ ಎಷ್ಟು ನೀರು ಕುಡೀತೀರಾ?" ಎಂದರು ಡಾಕ್ಟರಮ್ಮ.

"ಎಂಟು ಲೋಟ ಮೇಡಂ."

ಅವರು ನನ್ನ ಒಡೆದ ತುಟಿಗಳನ್ನು ನೋಡಿ, "ಗಾರ್ಮೆಂಟ್ಸಾ?" ಎಂದರು. ಅಷ್ಟಕ್ಕೇ ನನಗೆ ಅಳು ಬಂತು.

ಹೆಂಗಸರ ಮೂತ್ರನಾಳ ಗಿಡ್ಡ, ಸೋಂಕು ಬೇಗ ಮೇಲೇರುತ್ತದೆ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಕೂತರೆ ಅದಕ್ಕೆ ಸುಗ್ಗಿ. ಬಸುರಿಯರಿಗೂ ಸಕ್ಕರೆ ಕಾಯಿಲೆಯವರಿಗೂ ಅಪಾಯ ಹೆಚ್ಚು ಎಂದು ವಿವರಿಸಿ ಮಾತ್ರೆ ಬರೆದರು. "ನಾಚ್ಕೊಳ್ಳೋ ಕಾಯಿಲೆ ಅಲ್ಲ ಇದು. ನಿಮ್ಮ ಲೈನಲ್ಲಿ ಕೇಳಿ ನೋಡಿ."

ಊಟದ ಹೊತ್ತಿನಲ್ಲಿ ಕೇಳಿದೆ. ಒಬ್ಬಿಬ್ಬರು ಡಬ್ಬಿ ಮುಚ್ಚಿ ಏಳಹೊರಟರು. ಕೊನೆಗೆ ಜಯಮ್ಮ, "ನಂಗೂ ಉರೀತದೆ. ಮೂರ್ ವರ್ಸಾತು. ಸಕ್ರೆ ಕಾಯ್ಲೇನೂ ಐತೆ," ಎಂದರು. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ನಾನೊಬ್ಬಳೇ ಒಂಟೆ ಎಂದುಕೊಂಡಿದ್ದೆ. ಲೈನಿಗೆ ಲೈನೇ ಮರುಭೂಮಿಯಾಗಿತ್ತು.

ಮರುದಿನ ಎಲ್ಲರೂ ಮ್ಯಾನೇಜರ್ ಬಳಿಗೆ ಹೋದೆವು. ಜಯಮ್ಮನೇ ಮಾತಾಡಿದರು: "ಸಾರ್, ಬಟ್ಟೆ ಒಲಿಯಾಕೆ ಬಂದಿದೀವಿ. ಒಂದಕ್ಕೆ ಓಗಾಕೆ ಅಪ್ಪಣೆ ಕೇಳಾಕಲ್ಲ."

ವಾರದೊಳಗೆ ಟೋಕನ್ ಪದ್ಧತಿಯೇ ಮಾಯವಾಯಿತು.

ಜಯಮ್ಮನಿಗೆ ಅದು ತಡವಾಗಿ ಬಂದ ನ್ಯಾಯ. ಸೋಂಕು ಕಿಡ್ನಿಗೆ ಏರಿತ್ತು. ಕೆಲಸ ಬಿಟ್ಟು, ನೆಲಮಂಗಲದಾಚೆ ಮಗಳ ಮನೆಗೆ ಹೋದರು. ಅವರ ಮಿಷನ್ನಿಗೆ ಹೊಸ ಹುಡುಗಿ ಬಂದಳು. ನಾನು ತುಂಬಿದ ಬಾಟಲಿ ಎತ್ತಿದಾಗೆಲ್ಲ ಆ ಕಡೆ ತಿರುಗುತ್ತಿದ್ದೆ. ಒಂದು ದಿನವಾದರೂ ನಾವಿಬ್ಬರೂ ಅಕ್ಕಪಕ್ಕ ಕೂತು ಹೊಟ್ಟೆ ತುಂಬ ನೀರು ಕುಡಿಯಬೇಕಿತ್ತು.

ಭಾನುವಾರಗಳಂದು ಅವರ ಫೋನ್ ಬರುತ್ತದೆ. ಎಲ್ಲರ ಹಾಗೆ ಊಟ ಆಯಿತೇ ಎಂದು ಕೇಳುವುದಿಲ್ಲ. "ಬೆಳಗ್ಗಿಂದ ಎಷ್ಟ್ ಸಲ ಎದ್ದೋದೆ?" ಎನ್ನುತ್ತಾರೆ. ಇಷ್ಟು ಅಕ್ಕರೆಯ ಪ್ರಶ್ನೆಯನ್ನು ನನ್ನ ಹೆತ್ತ ತಾಯಿಯೂ ಕೇಳಿರಲಿಲ್ಲ.