ಅಳತೆ ಪುಸ್ತಕದಲ್ಲಿ ಒಂದು ಬಿರುಕು

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಗುಂಡಿಯಕ್ಕ ಎಂದೇ ಕರೆಯುವುದು. ಹೊಸ ಅಂಗಿಗೆ ಅಳತೆ ಕೊಡಲು ಹೋದವರ ಮೈಮೇಲಿನ ಅಂಗಿಯಲ್ಲಿ ಒಂದು ಗುಂಡಿ ಸಡಿಲವಾಗಿದ್ದರೂ ಸಾಕು, 'ಬಿಚ್ಚಿ ಕೊಡಿ, ಎರಡು ನಿಮಿಷ' ಎಂದು ಅಲ್ಲೇ ಬಿಗಿಮಾಡಿ ಕಳಿಸುತ್ತಾಳೆ. ಸಡಿಲವಾದದ್ದನ್ನು ಕಂಡು ಸುಮ್ಮನಿರುವುದು ಆಕೆಗೆ ಬರುವುದಿಲ್ಲ. ಆಕೆಯನ್ನು ನಗರಸಭೆಯ ಮೆಟ್ಟಿಲು ಹತ್ತಿಸಿದ್ದೂ ಅದೇ ಗುಣ.

ಆಕೆಯ ಮನೆ ನಾಲ್ಕನೇ ಮಹಡಿಯಲ್ಲಿದೆ, ಮೇಲೆ ಬರೀ ಮಾಳಿಗೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಮೊಳೆಗೆ ನೇತುಹಾಕಿದ ಕತ್ತರಿ. ಒಳಕೋಣೆಯಲ್ಲಿ ಅತ್ತೆಯ ಮಂಚ. ಅತ್ತೆಗೆ ಮಂಡಿ ಕೈಕೊಟ್ಟು ಆರು ವರ್ಷವಾಯಿತು, ಆದರೆ ಕಣ್ಣು ಮತ್ತು ನಾಲಿಗೆ ಎರಡೂ ಚುರುಕು. ಮಂಚದ ಮೇಲೆ ಕೂತೇ ಅಂಗಿಗಳಿಗೆ ಕಾಜಾ ಹೊಲಿದುಕೊಡುತ್ತಾರೆ. ಗಂಡ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ಎರಡು ವರ್ಷದ ಹಿಂದೆ ಕಟ್ಟಡದ ಮಾಲೀಕರು ಮಾಳಿಗೆಯನ್ನು ಒಂದು ಜಾಹೀರಾತು ಕಂಪನಿಗೆ ಬಿಟ್ಟುಕೊಟ್ಟರು. ಎಂಟು ಕಾಲಿನ ಕಬ್ಬಿಣದ ಚೌಕಟ್ಟು ಎದ್ದು ನಿಂತಿತು. ಅದಕ್ಕೆ ಎರಡು ಬಸ್ಸಿನಷ್ಟು ಅಗಲದ ಫ್ಲೆಕ್ಸ್ ಬಿಗಿದರು. ಎಂಟು ಕಾಲುಗಳಲ್ಲಿ ಎರಡು ಸರಿಯಾಗಿ ಅತ್ತೆಯ ಮಂಚದ ನೇರಕ್ಕೆ, ಸೂರಿನ ಮೇಲೆ ಬಂದಿದ್ದವು. ಗಾಳಿ ಬೀಸಿದಾಗ ಫ್ಲೆಕ್ಸ್ ಉಬ್ಬಿ, ಕಬ್ಬಿಣ ನರಳಿ, ಸೂರು ಅದುರುತ್ತಿತ್ತು. ಒಂದು ದಿನ ಅತ್ತೆಯ ಸಾರಿನ ಬಟ್ಟಲಿಗೆ ಗಾರೆಯ ಪುಡಿ ಬಿತ್ತು.

'ಉಪ್ಪು ಕಮ್ಮಿ ಅಂತ ಈಗಷ್ಟೇ ಅಂದ್ಕೊಂಡೆ, ಮೇಲಿಂದಲೇ ಬಂತು ನೋಡು' ಎಂದರು ಅತ್ತೆ.

ಗುಂಡಿಯಕ್ಕನಿಗೆ ನಗು ಬರಲಿಲ್ಲ. ಸ್ಟೂಲು ಹತ್ತಿ ನೋಡಿದಳು. ಸೂರಿನಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಅದು ಮುಗಿಯುವ ಜಾಗಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು, ಟೇಪು ಹಿಡಿದಳು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದಳು: 'ಸೂರು, ಒಂಬತ್ತು ಇಂಚು.' ಅಲ್ಲಿಂದ ಪ್ರತಿ ಸೋಮವಾರ ಸೂರಿನ ಅಳತೆಯೂ ಆಯಿತು. ಒಂಬತ್ತು ಇದ್ದದ್ದು ಹತ್ತೂಕಾಲು ಆಯಿತು, ಹನ್ನೊಂದೂವರೆ ಆಯಿತು.

ಮಾಲೀಕರಿಗೆ ಹೇಳಿದರೆ, 'ಗಾಳಿ ಬಂದ್ರೆ ಎಲ್ಲರ ಮನೆನೂ ಸದ್ದು ಮಾಡುತ್ತೆ ಕಣಮ್ಮ. ಸರಿಹೋಗದಿದ್ರೆ ಬೇರೆ ಮನೆ ನೋಡ್ಕೊ' ಎಂದುಬಿಟ್ಟರು.

ಬೇರೆ ಮನೆ ಎಂದರೆ ಬೇರೆ ಬೀದಿ, ಹೊಸ ಗಿರಾಕಿಗಳು. ಆದರೆ ಮಂಚದ ಮೇಲೆ ಬಿರುಕು ಬೆಳೆಯುತ್ತಿರುವಾಗ ಬಾಯಿ ಹೊಲಿದುಕೊಂಡು ಕೂರುವುದು ಹೇಗೆ? ಮಂಡಿ ಕೈಕೊಟ್ಟ ಅತ್ತೆ ಎದ್ದು ಓಡುವವರಲ್ಲ. ಗುಂಡಿಯಕ್ಕ ನಗರಸಭೆಗೆ ಅರ್ಜಿ ಬರೆದಳು: 'ನಮ್ಮ ಮಾಳಿಗೆಯ ಮೇಲಿರುವ ಬಟ್ಟೆಯನ್ನು ದಯವಿಟ್ಟು ತೆಗೆಸಬೇಕು.'

ಬಟ್ಟೆ ಎಂದೇ ಬರೆದಳು. ಹರಡಿಕೊಂಡು ಪಟಪಟ ಎನ್ನುವುದೆಲ್ಲ ಆಕೆಯ ಕಣ್ಣಿಗೆ ಬಟ್ಟೆಯೇ. ಬಟ್ಟೆ ಹೋದರೆ ಗಾಳಿಗೆ ಹಿಡಿತ ಸಿಗುವುದಿಲ್ಲ, ಅಲ್ಲಿಗೆ ಮುಗಿಯಿತು ಎಂದು ಆಕೆಯ ಲೆಕ್ಕ.

ಎರಡು ವಾರಕ್ಕೆ ನಗರಸಭೆಯ ನಾಲ್ವರು ಬಂದರು. ಹಗ್ಗ ಬಿಚ್ಚಿ, ಫ್ಲೆಕ್ಸ್ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಇಳಿದರು. ಗುಂಡಿಯಕ್ಕ ಅವರಿಗೆ ನೀರು ಕೊಟ್ಟಳು, ಒಬ್ಬನ ತೋಳಿನ ಗುಂಡಿಯನ್ನೂ ಹೊಲಿದುಕೊಟ್ಟಳು. ಹನ್ನೊಂದನೇ ದಿನ ಅದೇ ಚೌಕಟ್ಟಿಗೆ ಹೊಸ ಫ್ಲೆಕ್ಸ್ ಬಂತು. ಮೊದಲಿನದಕ್ಕಿಂತ ದೊಡ್ಡದು.

ಮತ್ತೆ ಕಚೇರಿಗೆ ಹೋದಳು. ಗುಮಾಸ್ತರು ಫೈಲು ತೆಗೆದು ಬೆರಳಿಟ್ಟು ತೋರಿಸಿದರು.

'ನೋಡಿಮ್ಮ, ಬಟ್ಟೆ ತೆಗೆಸಿ ಅಂತ ನೀವೇ ಬರೆದಿದ್ದೀರಿ. ತೆಗೆಸಿದ್ವಿ. ಫೈಲು ಮುಗೀತು.'

'ಮತ್ತೆ ಹಾಕಿದ್ದಾರಲ್ಲ ಸಾರ್?'

'ಅದು ಬೇರೆ ಬಟ್ಟೆ. ಬೇರೆ ಅರ್ಜಿ ಕೊಡಿ.'

ಸಾಲಿನಲ್ಲಿ ನಿಂತವರು ನಕ್ಕರು. ಆಕೆ ಮುಖ ಚಿಕ್ಕದು ಮಾಡಿಕೊಂಡು ಮನೆಗೆ ಬಂದಳು. ಅತ್ತೆ ಎಲ್ಲ ಕೇಳಿ ಸೂಜಿ ಕೆಳಗಿಟ್ಟರು.

'ಅಲ್ಲ ಕಣೇ, ಹೊದ್ದಿರೋ ಶಾಲು ಎಳೆದರೆ ಆಳು ಹೋಗ್ತಾನಾ? ಮೇಲೆ ನಿಂತಿರೋನು ಕಬ್ಬಿಣದೋನು. ಇಪ್ಪತ್ತು ವರ್ಷ ಹೊಲಿದಿದ್ದೀಯ, ಬಟ್ಟೆ ಯಾವುದು, ಮೈ ಯಾವುದು ಅಂತ ಗೊತ್ತಾಗಲಿಲ್ವಾ?'

'ಗೊತ್ತಾಗಲಿಲ್ಲ ಅತ್ತೆ.'

'ಸರಿ, ನಾಳೆ ಹೋಗು. ಗುಮಾಸ್ತನ ಹತ್ರ ಅಲ್ಲ, ಅವನ ಮೇಲಿನವರ ಹತ್ರ. ಪುಸ್ತಕ ತಗೊಂಡು ಹೋಗು.'

ಆ ವಾರ್ಡಿಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ಒಬ್ಬ ಹೆಣ್ಣುಮಗಳು. ಗುಂಡಿಯಕ್ಕ ಕೊಟ್ಟ ಅಳತೆ ಪುಸ್ತಕವನ್ನು ಆಕೆ ಪುಟ ಪುಟವಾಗಿ ತಿರುವಿದಳು. ಮೇಷ್ಟ್ರ ಸೊಂಟ, ನರ್ಸಮ್ಮನ ತೋಳು, ನಡುನಡುವೆ ಸೂರು.

'ಯಾರಿದು ಸೂರು? ಎದೆ ಇಲ್ಲ, ಸೊಂಟ ಇಲ್ಲ, ಬರೀ ಉದ್ದ?'

'ಅದು ನಮ್ಮತ್ತೆ ಮಂಚದ ಮೇಲಿನ ಸೂರು ಮೇಡಂ. ಬಿರುಕಿನ ಅಳತೆ. ಮೊನ್ನೆ ಸೋಮವಾರಕ್ಕೆ ಹದಿನಾಲ್ಕು ಇಂಚಾಯ್ತು.'

ಮೇಡಂ ಮುಖದ ನಗು ನಿಂತಿತು. ಅನುಮತಿಯ ರಿಜಿಸ್ಟರ್ ತರಿಸಿ ನೋಡಿದಳು. ಆ ಕಟ್ಟಡದ ಹೆಸರೇ ಅದರಲ್ಲಿ ಇರಲಿಲ್ಲ. ಗುಮಾಸ್ತರನ್ನು ಕರೆಸಿದಳು.

'ಚೌಕಟ್ಟು ಅಂತ ಬರೆದಿದ್ರೆ ಅವತ್ತೇ ತೆಗೆಸ್ತಿದ್ವಿ ಮೇಡಂ. ಇವರು ಬಟ್ಟೆ ಅಂತ...'

'ಇವರು ಬಟ್ಟೆ ಅಂತ ಬರೀಲಿ, ಕಂಬಳಿ ಅಂತ ಬರೀಲಿ. ಅನುಮತಿ ಇಲ್ಲದ್ದು ನಮ್ಮ ಕಣ್ಣಿಗೆ ಬಿದ್ದಿತ್ತಲ್ಲ? ಇವರು ಅರ್ಜಿನೇ ಕೊಡದಿದ್ರೂ ಅದನ್ನ ತೆಗೆಸೋದು ನಮ್ಮ ಕೆಲಸ.'

ಗುಮಾಸ್ತರು ನೋಟಿಸಿಗೆ ಒತ್ತುವ ಮೊಹರು ತರಲು ಹೋದರು.

ಅದೇ ಸಂಜೆ ಮೇಡಂ ಮನೆಗೆ ಬಂದು ಸ್ಟೂಲು ಹತ್ತಿ ಬಿರುಕು ನೋಡಿದಳು. ಅತ್ತೆಯ ಮಂಚವನ್ನು ತಕ್ಷಣ ಮುಂದಿನ ಕೋಣೆಗೆ ಸಾಗಿಸಲು ಹೇಳಿದಳು. ಮಾಲೀಕರಿಗೂ ಕಂಪನಿಗೂ ಏಳು ದಿನದ ನೋಟಿಸು ಹೋಯಿತು. ಯಾರೂ ಅಲ್ಲಾಡಲಿಲ್ಲ. ಎಂಟನೇ ದಿನ ಬೆಳಿಗ್ಗೆ ಗ್ಯಾಸ್ ಕಟರ್ ಹೊತ್ತವರು ಮಾಳಿಗೆ ಹತ್ತಿದರು. ಮಾಲೀಕರು ಮೆಟ್ಟಿಲಲ್ಲಿ ಅಡ್ಡ ನಿಂತು ಕೂಗಾಡಿದರು. ಮೇಡಂ ಒಂದು ಕಾಗದ ಅವರ ಕೈಗಿಟ್ಟು, 'ಓದಿ ಸಾರ್, ನಾವು ಅಷ್ಟರಲ್ಲಿ ಕೆಲಸ ಮಾಡ್ತಿರ್ತೀವಿ' ಎಂದು ಪಕ್ಕದಿಂದ ಹತ್ತಿ ಹೋದಳು. ಕಬ್ಬಿಣವನ್ನು ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಲು ಎರಡು ದಿನ ಹಿಡಿಯಿತು. ಬೋಲ್ಟಿನ ತೂತುಗಳಿಗೆಲ್ಲ ಸಿಮೆಂಟ್ ತುಂಬುವವರೆಗೆ ಆಕೆ ಮಾಳಿಗೆಯಿಂದ ಇಳಿಯಲಿಲ್ಲ.

ಹೋಗುವಾಗ ಹೇಳಿದಳು: 'ಇನ್ನೂ ನಾಲ್ಕು ಸೋಮವಾರ ಅಳೆಯಿರಿ. ಬೆಳೆಯದಿದ್ರೆ ಮಂಚ ಒಳಗಿಡಬಹುದು, ಬಿರುಕಿಗೆ ಗಾರೆ ಮಾಡಿಸಿದ್ರೆ ಆಯ್ತು.'

ಮಾಲೀಕರು ಇವತ್ತಿಗೂ ಗುಂಡಿಯಕ್ಕನ ಜೊತೆ ಮಾತಾಡುವುದಿಲ್ಲ. ಆದರೆ ಮನೆ ಬಿಡಿ ಎನ್ನಲಿಲ್ಲ. ಅವರ ಹೆಂಡತಿ ಗಂಡನ ಪ್ಯಾಂಟಿನ ಸೊಂಟ ಬಿಚ್ಚಿಸಲು ಬಂದವರು, 'ಅವರು ಏನಾದ್ರೂ ಅಂದ್ಕೊಳ್ಳಲಿ. ಕೆಳಗಿನ ಮಹಡಿಯಲ್ಲಿ ಮಲಗೋರು ನಾವೂ ತಾನೇ' ಎಂದು ಹೇಳಿ ಹೋದರು. ಮೇಡಂ ಈಗ ವಾರ್ಡಿನ ಮಾಳಿಗೆಗಳನ್ನೆಲ್ಲ ಹತ್ತಿ ಎಣಿಸುತ್ತಿದ್ದಾಳೆ. ಅನುಮತಿಯಿಲ್ಲದವು ಇಪ್ಪತ್ತಮೂರು ಸಿಕ್ಕಿವೆಯಂತೆ, ಆರು ಇಳಿದಿವೆ. ಉಳಿದವಕ್ಕೆ ನೋಟಿಸು ಅಂಟಿಸುತ್ತಿರುವವರು ಅದೇ ಗುಮಾಸ್ತರು.

ಮೊದಲ ಸೋಮವಾರ ಹದಿನಾಲ್ಕು. ಎರಡನೆಯದಕ್ಕೂ ಮೂರನೆಯದಕ್ಕೂ ಹದಿನಾಲ್ಕು. ನಾಲ್ಕನೆಯ ಸೋಮವಾರ ಗುಂಡಿಯಕ್ಕ ಸ್ಟೂಲಿನ ಮೇಲೆ ಟೇಪು ಹಿಡಿದು ನಿಂತಳು. ಮುಂದಿನ ಕೋಣೆಯಿಂದ ಅತ್ತೆ ಕಾಜಾ ಹೊಲಿಯುವುದನ್ನು ನಿಲ್ಲಿಸಿ ಕೇಳಿದರು.

'ಎಷ್ಟೇ?'

'ಹದಿನಾಲ್ಕೇ ಅತ್ತೆ.'

'ನಿನ್ನ ಗಿರಾಕಿಗಳಲ್ಲಿ ದಪ್ಪ ಆಗೋದು ನಿಲ್ಲಿಸಿದೋನು ಆ ಸೂರು ಒಬ್ಬನೇ. ಇಳಿದು ಬಾ, ನನ್ನ ಮಂಚ ಎಳಿ.'