ವಸಂತಕ್ಕನ ಬಲ್ಬು

ಗುರುಗ್ರಾಮದ ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ವಸಂತಕ್ಕನ ಚೀಲ ಪ್ರತಿ ಸಲವೂ ಸಿಕ್ಕಿಬೀಳುತ್ತಿತ್ತು. ಊಟದ ಡಬ್ಬಿಯ ಪಕ್ಕದಲ್ಲಿ ಕರೆಂಟು ಇದೆಯೇ ಎಂದು ನೋಡಲು ಎರಡು ಉದ್ದ ವೈರು ಜೋಡಿಸಿದ ಇಂಡಿಕೇಟರ್ ಬಲ್ಬೊಂದು ಸದಾ ಇರುತ್ತಿತ್ತು. ಕಾವಲಿನವನು ಅದನ್ನು ಅನುಮಾನದಿಂದ ಎತ್ತಿ ಹಿಡಿದರೆ, "ಬಲ್ಬ್ ಹೈ ಭಯ್ಯಾ, ಝೂಠ್ ನಹೀಂ ಬೋಲ್ತಾ" ಎಂದು, ಬಲ್ಬು ಸುಳ್ಳು ಹೇಳುವುದಿಲ್ಲವೆಂದು ಉಡುಪಿ ರಾಗದ ಹಿಂದಿಯಲ್ಲಿ ಹೇಳಿ, ಚೀಲ ಹೆಗಲಿಗೇರಿಸಿ ಹೊರಟುಬಿಡುವರು. ಹಿಂದೆ ಸಾಲಿನಲ್ಲಿದ್ದ ನಾನು ನಾಚಿಕೆಯಿಂದ ಬೇರೆ ಕಡೆ ನೋಡುತ್ತಿದ್ದೆ.

ಅವರು ನಮ್ಮ ಕಟ್ಟಡದ ಮೂರನೆಯ ಮಹಡಿಯವರು. ಗಂಡ ಹೌಜ್ ಖಾಸಿನ ಹೋಟೆಲೊಂದರಲ್ಲಿ ದೋಸೆ ಕಲ್ಲಿನ ಮುಂದೆ. ಇವರು ಮಾನೇಸರಿನಲ್ಲಿ ಗಾಡಿಗಳ ವೈರಿಂಗ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಜಿನ ಮುಂದೆ. ಕಟ್ಟಡದಲ್ಲಿ ಯಾರ ಮಿಕ್ಸರ್ ನಿಂತರೂ ಕರೆ ಇವರಿಗೇ. ಬಂದವರು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕೇಳುತ್ತಿದ್ದುದು ಒಂದೇ: "ಕೊನೆಗೆ ಕೈ ಹಾಕಿದ್ದು ಯಾರು?" ಈ ವಿಚಾರಣೆಗೆ ಹೆದರಿಯೇ ಕೆಲವರು ಹೊಸ ಮಿಕ್ಸರ್ ತಂದದ್ದುಂಟು. ತಮ್ಮ ತಪ್ಪಿಗೂ ಅವರು ರಿಯಾಯಿತಿ ಕೊಡುತ್ತಿರಲಿಲ್ಲ. ಒಮ್ಮೆ ನಮ್ಮ ಗೀಸರ್ ಸುಟ್ಟಿದೆ ಎಂದು ಹೇಳಿ ಹೋದವರು ಮರುದಿನ ಬೆಳಿಗ್ಗೆಯೇ ಬಾಗಿಲು ತಟ್ಟಿ, "ನಿನ್ನೆ ನಾನು ಹೇಳಿದ್ದು ತಪ್ಪು ಮಾರಾಯ್ತಿ. ಹಾಳಾದ್ದು ಸ್ವಿಚ್ಚು. ನಾನು ಸರಿ ನೋಡ್ಲಿಲ್ಲ" ಎಂದರು. ನಮ್ಮ ಆಫೀಸಿನಲ್ಲಿ ಹೀಗೆ ಹೇಳಿದವರನ್ನು ಈವರೆಗೆ ಕಂಡಿಲ್ಲ.

ನನಗೆ ಅವರು ಬೇಕಾದದ್ದು ಅಪ್ಪನ ಹಳೆಯ ಮೋಟಾರ್ ಸೈಕಲ್ಲಿಗಾಗಿ. ಕಣ್ಣು ಮಂಜಾದ ಮೇಲೆ ಅಪ್ಪ ಅದನ್ನು ತುಮಕೂರಿನಿಂದ ರೈಲಿಗೆ ಹಾಕಿ ನನಗೆ ಕಳಿಸಿದ್ದರು. ಒಂದೇ ತಿಂಗಳಲ್ಲಿ ಅದು ಮಾನೇಸರಿನ ಹೆದ್ದಾರಿಯಲ್ಲಿ ಎರಡು ಸಲ ಕೈಕೊಟ್ಟಿತು. ಓಡುತ್ತಿದ್ದ ಹಾಗೆಯೇ ದೀಪ, ಹಾರ್ನು, ಎಂಜಿನ್ನು ಎಲ್ಲ ಒಟ್ಟಿಗೆ ಬಂದ್. ಹಿಂದೆ ಲಾರಿಗಳ ಸಾಲು. ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ, ಫ್ಯೂಸ್ ಬದಲಿಸಿದ, ಕೊನೆಗೆ "ಬೇಚ್ ದೋ ಮ್ಯಾಡಮ್" ಎಂದ. ಅಪ್ಪನೂ ಫೋನಿನಲ್ಲಿ, "ಇನ್ನೊಂದು ಸಲ ಹೈವೇಲಿ ನಿಂತ್ರೆ ಮಾರಿಬಿಡು. ಗಾಡಿಗಿಂತ ನೀನು ಮುಖ್ಯ" ಎಂದು ಮಾತು ತೆಗೆದುಕೊಂಡರು. ಮಾರಲು ನನಗೆ ಮನಸ್ಸಿರಲಿಲ್ಲ.

ಭಾನುವಾರ ವಸಂತಕ್ಕ ಪಾರ್ಕಿಂಗಿಗೆ ಇಳಿದು, ಮಣೆ ಹಾಕಿಕೊಂಡು ಗಾಡಿಯ ಪಕ್ಕ ಕೂತರು.

"ಕೊನೆಗೆ ಕೈ ಹಾಕಿದ್ದು ಯಾರು?"

"ಮೆಕ್ಯಾನಿಕ್ ಭಯ್ಯಾ."

"ಅವನು ಕೈ ಹಾಕಿದ್ದು ನಿಂತ ಮೇಲೆ. ನಿಲ್ಲುವ ಮೊದಲು?"

ಏನೂ ಮಾಡಿಲ್ಲ ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನತ್ತ ತಿರುಗಿದರು. "ಪೇಂಟ್ ಮಾಡಿಸಿದ್ದೆ" ಎಂದೆ ಕೊನೆಗೆ. ಅಪ್ಪ ದೆಹಲಿಗೆ ಬರುವವರಿದ್ದರು. ಗಾಡಿ ಹೊಸದರಂತೆ ಕಾಣಲೆಂದು ಎಲ್ಲ ಬಿಚ್ಚಿಸಿ, ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಕಪ್ಪು ಬಣ್ಣ ಹೊಡೆಸಿದ್ದೆ.

ಬಲ್ಬು ನನ್ನ ಕೈಗೆ ಬಂತು. ಎರಡು ವೈರನ್ನೂ ಬ್ಯಾಟರಿಯ ಎರಡು ತುದಿಗೆ ಹಿಡಿದಾಗ ಉರಿಯಿತು. "ಬ್ಯಾಟರಿ ಸರಿ ಉಂಟು. ಈಗ ಒಂದು ಪ್ಲಸ್ಸಲ್ಲೇ ಇರಲಿ, ಇನ್ನೊಂದು ಎಂಜಿನ್ನಿಗೆ ತಾಗಿಸು." ಉರಿಯಲಿಲ್ಲ. ಗಾಡಿಯ ಮೈಯಿಂದ ಕರೆಂಟು ಬ್ಯಾಟರಿಗೆ ಮರಳಬೇಕಾದ ವೈರನ್ನು ಚಾಸಿಗೆ ಬಿಗಿದಿದ್ದ ಬೋಲ್ಟಿನ ಅಡಿಯಲ್ಲಿ, ನಾನು ಪ್ರೀತಿಯಿಂದ ಹೊಡೆಸಿದ ಬಣ್ಣ ದಪ್ಪಗೆ ಕೂತಿತ್ತು. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ; ಅಲುಗಾಟಕ್ಕೆ ಲೋಹ ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಕೆರೆಯಲು ಬ್ಲೇಡು ಕೊಟ್ಟರು. ನನಗೆ ಕೈ ಬರಲಿಲ್ಲ.

"ಅಪ್ಪ ಬೋಲ್ಟಿನ ಅಡಿ ನೋಡ್ತಾರಾ? ಕೆರಿ."

ಕೆರೆದು ಬಿಗಿದೆ. ಬಲ್ಬು ಉರಿಯಿತು. ಮುಂದಿನ ತಿಂಗಳು ಬಂದ ಅಪ್ಪ, ನನ್ನ ಹಿಂದೆ ಕೂತು ಅದೇ ಗಾಡಿಯಲ್ಲಿ ಊರೆಲ್ಲ ಸುತ್ತಿದರು.

ಹೋದ ವರ್ಷ ವಸಂತಕ್ಕನ ಗಂಡನಿಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ, "ಆ ಬಲ್ಬು ನೆನಪಿಗೆ ಕೊಡಿ ಅಕ್ಕ" ಎಂದೆ. "ನನಗೆ ಬೇಕು. ನಿಂದು ನೀನೇ ಮಾಡ್ಕೊ" ಎಂದರು. ಟ್ಯಾಕ್ಸಿ ಬರುವವರೆಗೆ ಸೂಟ್‌ಕೇಸಿನ ಮೇಲೆ ಕೂತು ನನ್ನ ಕೈಯಲ್ಲೇ ಒಂದನ್ನು ಮಾಡಿಸಿದರು. ಅದನ್ನು ಗಾಡಿಯ ಪೆಟ್ಟಿಗೆಯಲ್ಲಿ ಹಾಕಿಟ್ಟೆ.

ಕಳೆದ ತಿಂಗಳು ಗಾಡಿ ಮತ್ತೆ ಹೆದ್ದಾರಿಯಲ್ಲಿ ನಿಂತಿತು. ಬದಿಗೆ ತಳ್ಳಿ, ಅಪ್ಪನಿಗೆ ಕೊಟ್ಟ ಮಾತು ನೆನೆದು ಅಳು ಬಂತು. ಆಮೇಲೆ ಅಕ್ಕನ ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಂಡೆ. ಹಿಂದಿನ ದಿನ ಬ್ಯಾಟರಿ ತೆಗೆದು ಚಾರ್ಜ್ ಮಾಡಿ ಕೂರಿಸಿದ್ದವಳು ನಾನೇ. ಬಲ್ಬು ಹಿಡಿದು ನೋಡಿದೆ, ಸಡಿಲವಾಗಿದ್ದ ನಟ್ಟು ಬಿಗಿದೆ. ಹತ್ತು ನಿಮಿಷ. ಮನೆಗೆ ಬಂದು ಅಪ್ಪನಿಗೆ ಮುಚ್ಚಿಡದೆ ಹೇಳಿದೆ.

"ಯಾರು ಸರಿ ಮಾಡಿದ್ರು?"

"ನಾನೇ. ಹಾಳು ಮಾಡಿದ್ದೂ ನಾನೇ."

"ಹಾಗಾದ್ರೆ ಮಾರೋದು ಬೇಡ" ಎಂದರು ಅಪ್ಪ. "ಮೊದಲು ಆ ಅಕ್ಕಂಗೆ ಫೋನ್ ಮಾಡು."

ಮಾಡಿದೆ. ಗಾಡಿ ನಿಂತಿತ್ತು ಎನ್ನುವಷ್ಟರಲ್ಲೇ ಆ ಕಡೆಯಿಂದ, "ಕೊನೆಗೆ ಕೈ ಹಾಕಿದ್ದು ಯಾರು?"

"ನಾನೇ ಅಕ್ಕ." ಎಲ್ಲ ಹೇಳಿ, "ನಿಮ್ಮಿಂದಾಗಿ ಅಪ್ಪನ ಗಾಡಿ ಉಳೀತು" ಎಂದೆ.



"ಆ ಬಲ್ಬು ಗಾಡಿಯಲ್ಲಿ ಇಡ್ಬೇಡ, ಚೀಲದಲ್ಲಿ ಇಟ್ಕೊ. ಬೇರೆಯವರದ್ದೂ ನೋಡ್ಬೇಕಾಗ್ತದೆ" ಎಂದರು. "ಮೆಟ್ರೋದಲ್ಲಿ ಹಿಡಿದ್ರೆ ನಿನಗೆ ನಾಚಿಕೆ ಆಗ್ತದೆ, ನನಗೆ ಗೊತ್ತುಂಟು. ಆದ್ರೂ ಇಟ್ಕೊ."